ಜೌಗಿಗೆ ಒಗ್ಗಿಸುವುದು

ಟೆರೆಬೋನ್‌ನ ರಸ್ತೆ ಮುಗಿಯುವಲ್ಲಿ ಎಲ್ಮೀರಳ ಮನೆ,
ಗಳುಗಳ ಮೇಲೆ ನಿಂತದ್ದು.
ಅಡುಗೆಮನೆ ಮೇಜಿಗೆ ನಕ್ಷೆ ಹಾಸಿ
ಮೂಲೆಗಳಿಗೆ ಖಾರದ ಸಾಸಿನ ಸೀಸೆ ಹೇರಿದೆವು.

ಪುಸ್ತಕದ ಡ್ರ್ಯಾಗನ್ ಬೆಟ್ಟದ್ದು. ಇಲ್ಲಿ ಬೆಟ್ಟವಿಲ್ಲ.
ರೆಕ್ಕೆ ಕತ್ತರಿಸಿದೆ.
ಬೆಂಕಿ ಹೇಗೂ ನೆನೆದುಹೋಗಿತ್ತು;
ಕೊಳೆತೆಲೆಯಡಿಯ ಗುಳ್ಳೆಗಾಳಿ ತುಂಬಿದೆ ಗಂಟಲಿಗೆ,
ಕಿಡಿ ಬೇಕಾದರೆ ಆಟಗಾರರೇ ತರಲಿ.

ದೈತ್ಯ ಮೊದಲ ಹೆಜ್ಜೆಗೇ ಸೊಂಟದವರೆಗೆ ಹೂತ.
ಅವನಿಗೆ ಮಲಗುವುದ ಕಲಿಸಿ
ಬೆನ್ನ ಮೇಲೆ ಹುಲ್ಲು ಬೆಳೆಯಬಿಟ್ಟೆ.
ದಡವೆಂದು ನಂಬಿ ದೋಣಿ ಕಟ್ಟಿದರು.
"ಈ ದಡ ಉಸಿರಾಡುತ್ತದಾ?" ಅಂದ ತೆಯೋಜೆನ್.
ದಾಳ ಅವನ ಮುಷ್ಟಿಯಲ್ಲೇ ಬೆವರಿತು.

ಎಲುಬುಗೂಡಿನ ಸಿಪಾಯಿ ಮಾತ್ರ ಒಗ್ಗಲೊಲ್ಲ.
ಸಂದುಸಂದಿಗೆ ಸೀಗಡಿ ಬಿಟ್ಟೆ,
ಅವು ಹೊರಳಿದತ್ತ ಅವನ ನಡಿಗೆ.

ಬಾಗಿಲಲ್ಲಿ ಬಲೆ ಹೆಣೆಯುತ್ತಿದ್ದ ಒವೀದಜ್ಜ
ಬಗ್ಗಿ ನಕ್ಷೆಗೆ ಬೆರಳಿಟ್ಟ:
"ಇಲ್ಲಿ ನಮ್ಮ ಶಾಲೆಯಿತ್ತು. ಈಗ ಎರಡಾಳು ನೀರು.
ಉಪ್ಪು ಒಳಬಂತು, ಸೈಪ್ರಸ್ಸುಗಳು ನಿಂತಲ್ಲೇ ಬಿಳಿಚಿದವು.
ಅದಕ್ಕೆ ಎಷ್ಟು ಪ್ರಾಣ ಬರೆದಿದ್ದೀ?"

ಪುಟ ತಿರುವಿದೆ. ಇರಲಿಲ್ಲ ಅಂಥದ್ದು,
ಹಲ್ಲಿಲ್ಲದ್ದು, ಕಣ್ಣಿಲ್ಲದ್ದು, ಅವಸರವಿಲ್ಲದ್ದು.

ಎಲ್ಮೀರ ರಬ್ಬರು ತಂದು
ನಕ್ಷೆಯ ತೆಂಕಣ ಅಂಚನ್ನು ಬೆರಳಗಲ ಒರೆಸಿದಳು.
"ವಾರಕ್ಕಿಷ್ಟು," ಅಂದಳು, ಪುಡಿ ಊದುತ್ತ.

ನಿದ್ದೆಯಲ್ಲೇ ದೈತ್ಯ
ಒಂದು ಚೌಕ ಬಡಗಣಕ್ಕೆ ಸರಿದ,
ಬೆನ್ನ ಹುಲ್ಲಿಗೆ ಕಟ್ಟಿದ ದೋಣಿಯನ್ನೂ ಎಳೆದುಕೊಂಡು.