ಮೇಲಿದೆ, ಕೆಳಗಿಲ್ಲ

ಹಲ್ ಊರಿನ ಸಾಲುಮನೆಗಳಲ್ಲಿ ಹದಿನೇಳನೆಯದು.
ಬೆಲೆ ನಮ್ಮ ಕೈಗೆಟುಕುವಷ್ಟು.
ಅಲ್ಲೇ ಅನುಮಾನ ಬರಬೇಕಿತ್ತು.

ಬೀದಿಬದಿಯ ಕೋಣೆ ಎಷ್ಟು ಅಗಲ!
"ಇಲ್ಲಿ ಪಿಯಾನೊ" ಅಂದಳು ರೋವೆನಾ.
ನಮ್ಮಲ್ಲಿ ಪಿಯಾನೊ ಇಲ್ಲ.

ಮನೆ ಪರೀಕ್ಷಿಸಲು ಬಂದ ಐವಿ ಬ್ಲೆಂಕಿನ್
ಕಲ್ಲಂಗಡಿ ಆರಿಸುವವಳ ಹಾಗೆ
ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದಳು.
ಮಹಡಿ ಹತ್ತಿದಳು. ಅಲ್ಲಿ ಹೊಗೆಗೂಡು
ಹೂವಿನ ಕಾಗದದ ಅಂಗಿ ತೊಟ್ಟು ಎದೆಯುಬ್ಬಿಸಿ ನಿಂತಿತ್ತು.
ಕೆಳಗಿಳಿದಳು. ಅದೇ ಜಾಗದಲ್ಲಿ ನುಣ್ಣನೆಯ ಗೋಡೆ.

"ಮೇಲಿದೆ, ಕೆಳಗಿಲ್ಲ.
ನಡುವೆ ಏನಿದೆ?"

ಒಂದು ಟನ್ ಇಟ್ಟಿಗೆ, ಸೂರಿನ ಮೇಲೆ ಎರಡು ಮಣ್ಣಿನ ಕೊಳವೆ,
ಅದರ ಮೇಲೊಂದು ಕಡಲಹಕ್ಕಿ:
ಎಲ್ಲ ಯಾರ ಹೆಗಲ ಮೇಲೆ?
ಪುರಸಭೆಯ ಕಡತದಲ್ಲಿ ಈ ಮನೆಯ ಹೆಸರಿಗೆ
ಹಳೆಯದೊಂದು ಕಕ್ಕಸಿನ ಅನುಮತಿ, ಅಷ್ಟೆ.
ಮಾರುವ ಸೋದರಳಿಯ, ಬದಲಾವಣೆಗಳು ಎಂಬಲ್ಲಿ ಬರೆದದ್ದು:
"ನನಗೆ ತಿಳಿದಂತೆ ಇಲ್ಲ."
ತಿಳಿದಂತೆ! ಎಂಥ ಅಗಲವಾದ ಮಾತು,
ಒಂದು ಗೋಡೆಯೇ ಅದರೊಳಗೆ ಕಾಣೆಯಾದೀತು.

ಪಕ್ಕದ ಮನೆಯ ಮಿಸೆಸ್ ಜ್ಯಾಗರ್ ಬೇಲಿಯ ಮೇಲಿಂದ:
"ಕ್ಲಿಫರ್ಡ್ ಸ್ಕೆಲ್ಟನ್. ಈಸ್ಟರ್ ರಜೆಯ ಮೂರು ದಿನ,
ಎರವಲು ಸುತ್ತಿಗೆ. ಡೋರೀನ್‌ಗೆ ಮೆಟ್ಟಿಲು ಹತ್ತಲಾಗದೆ
ಆಸ್ಪತ್ರೆಯ ಮಂಚ ಬರುವುದಿತ್ತು,
ಅಳೆದರೆ ಹದಿನಾಲ್ಕು ಇಂಚು ಸಾಲದು.
ನಮ್ಮ ಕಪಾಟಿನ ಪಿಂಗಾಣಿಯೆಲ್ಲ ಕುಣಿದು
ಬೈಯಲೆಂದೇ ಹೋದೆ. ಬಾಗಿಲು ತೆಗೆದ.
ರೆಪ್ಪೆಗೂದಲಿಗೂ ಮಸಿ.
ಬೈಯದೆ ಬಂದೆ."

ಇಟ್ಟಿಗೆಗಳನ್ನು ಏನು ಮಾಡಿದ?
ಅವಳು ನಮ್ಮ ಕಾಲ ಕೆಳಗೆ ಬೆರಳು ತೋರಿದಳು.

ಹಿತ್ತಲ ಹಾದಿ. ಒಂದನ್ನು ಕಿತ್ತು ಮಗುಚಿದೆ:
ಮೇಲೆ ಪಾಚಿ, ಅಡಿಯಲ್ಲಿ ಕಲ್ಲಿದ್ದಲ ಕಪ್ಪು,
ಇನ್ನೂ ಕೈಗೆ ಹತ್ತುವಷ್ಟು.
ಐವಿ ಗಟ್ಟಿಯಾಗಿ ಎಣಿಸತೊಡಗಿದಳು.
ನಾನೂರ ಹನ್ನೆರಡು. ಬರೆದುಕೊಂಡಳು.

ಸೋದರಳಿಯನ ಅಪ್ಪಣೆ ಪಡೆದು
ಸೂರಿಗೆ ಅಂಗೈಯಗಲ ತೂತು ಕೊರೆದು ಟಾರ್ಚ್ ಬಿಟ್ಟರೆ
ಎರಡು ಹಲಗೆ. ಅವನ್ನು ಹಿಡಿದಿದ್ದದ್ದು
ಒಂದು ಜೋಡಿಮಂಚದ ಕಬ್ಬಿಣದ ಪಟ್ಟಿಗಳು.
ಮೂವತ್ತೊಂದು ವರ್ಷ.

"ಲೆಕ್ಕದ ಪ್ರಕಾರ ಇದು ನಿಲ್ಲಕೂಡದು" ಎಂದಳು ಐವಿ,
ಏಣಿಯಿಂದಿಳಿದು, ಕನ್ನಡಕ ಒರೆಸುತ್ತ.
ಉಕ್ಕಿನ ತೊಲೆಗೆ ಇಷ್ಟು, ಕೂಲಿಗೆ ಇಷ್ಟು,
ಬೆಲೆಯಲ್ಲಿ ಅಷ್ಟು ಮುರಿದು ಕೇಳಿ ಎಂದಳು.

ಆ ರಾತ್ರಿ ಬಾಡಿಗೆ ಮನೆಯಲ್ಲಿ ರೋವೆನಾ
ಹಾಸಿಗೆ ಸರಿಸಿ, ಮೊಣಕಾಲೂರಿ
ನಮ್ಮ ಮಂಚದ ಪಟ್ಟಿಯ ದಪ್ಪ ಅಳೆಯುತ್ತಿದ್ದಳು.
ಅಗ್ಗದ ಪೈನ್ ಮರ.
ಒಂದು ಸ್ಕ್ರೂ ಸಡಿಲ.