ಹೆಬ್ಬೆಟ್ಟು

ಬೆಳಗಿನ ಏಳಕ್ಕೂ ಒಂಬತ್ತಕ್ಕೂ ನಡುವೆ, ಅಂದರು ಪೊಲೀಸರು.
ಆ ಹೊತ್ತಿನಲ್ಲಿ ನಾನು ಬಫೆಲೋದ ಪೂರ್ವದ ಬೀದಿಗಳಲ್ಲಿ
ಹಳದಿ ಬಸ್ಸಿಗೆ ನಲವತ್ತೊಂದು ಮಕ್ಕಳನ್ನು
ಎಣಿಸಿ ಹತ್ತಿಸಿಕೊಂಡು, ಎಣಿಸಿ ಇಳಿಸುತ್ತಿದ್ದೆ.
ಹನ್ನೊಂದು ವರ್ಷದಲ್ಲಿ ಒಂದು ತಲೆ ತಪ್ಪಿಲ್ಲ.
ಮನೆಯಲ್ಲಿ ಏನೇನಿದೆ ಅಂತ ಮಾತ್ರ
ಯಾವತ್ತೂ ಎಣಿಸಿಟ್ಟಿರಲಿಲ್ಲ.

ಹಿಂಬಾಗಿಲು ಅರೆತೆರೆದು, ಅಡುಗೆಮನೆಯೊಳಗೆ
ಗೇಣುದ್ದ ಹಿಮ, ಕರೆಯದೆ ಬಂದ ನೆಂಟನ ಹಾಗೆ.
ಟೀವಿ ಇದ್ದಲ್ಲಿ ಟೀವಿಯಷ್ಟಗಲದ ಗೋಡೆ.
ಚಿಲ್ಲರೆ ಹಾಕುತ್ತಿದ್ದ ಜಾಡಿ ಇಲ್ಲ,
ಜಾಡಿಯ ಮುಚ್ಚಳ ಇದೆ.
ಲಿಯೋನ ಟ್ರಾಂಬೋನ್ ಇಲ್ಲ.

ಪೊಲೀಸ್ ಹುಡುಗ ಬೂಟು ಕೊಡವಿ ಒಳಗೆ ಬಂದ.
ಸೀರಿಯಲ್ ನಂಬರ್?
ಗೊತ್ತಿಲ್ಲ.
ರಸೀದಿ?
ಅಣ್ಣ ಅದನ್ನು ಕೊಂಡಾಗ ನಾನು ಆರನೇ ಕ್ಲಾಸು.
ಬಾಡಿಗೆದಾರರ ಇನ್ಶೂರೆನ್ಸ್?
ಮೇಲಿನ ಮನೆಯ ಎಫ್ರೈನ್ ಮಾಡಿಸಿದ್ದಾನೆ, ತಿಂಗಳಿಗೆ ಹದಿನಾಲ್ಕು ಡಾಲರ್.
ನಾನು ಆ ಹದಿನಾಲ್ಕನ್ನು ಉಳಿಸಿ,
ಬಿಡಿ, ಉಳಿಸಿ ಏನು ಮಾಡಿದೆನೋ ನೆನಪಿಲ್ಲ.
ಚೀಟಿ ಹರಿದು ಕೊಟ್ಟ: ದೂರಿನ ಸಂಖ್ಯೆ, ಒಂಬತ್ತು ಅಂಕಿ.
ಹೋದದ್ದರ ಬದಲು ಅವತ್ತು ಮನೆಗೆ ಬಂದದ್ದು ಅಷ್ಟೇ.

ಎಫ್ರೈನ್ ಕಾಫಿ ತಂದ. ಹೋದ ವರ್ಷ ಅವನ ಸೈಕಲ್ಲು ಕದ್ದಾಗ
ಕಂಪನಿಯವರು ಹಳತಾದದ್ದಕ್ಕೆ ಒಂದಷ್ಟು ಕಳೆದು,
ಮೊದಲ ಇನ್ನೂರೈವತ್ತು ನಿನ್ನದೇ ಅಂತ ಇನ್ನಷ್ಟು ಕಳೆದು
ಅರವತ್ತೊಂದು ಡಾಲರ್ ಕಳಿಸಿದ್ದರಂತೆ.
'ಕಳ್ಳ ಒಂದೇ ಸಲ ಕಳೆದ' ಅಂತ ನಕ್ಕ.
ಆಮೇಲೆ ನಗು ನಿಲ್ಲಿಸಿ ಕೇಳಿದ,
'ಬೀಗ ಸರಿಯಿಲ್ಲ ಅಂತ ಗುವಾರಿನೋಗೆ ಬರೆದಿದ್ದೆಯಾ?
ಬಾಯಲ್ಲಿ ಹೇಳಿದ್ದಲ್ಲ, ಬರೆದದ್ದು.'

ಗುವಾರಿನೋ, ಮನೆ ಮಾಲೀಕ, ಫೋನಿನಲ್ಲಿ:
'ಕದ್ದವನು ನಾನೇನಮ್ಮ?'
ಮಾರನೇ ದಿನವೇ ಹೊಸ ಹಿತ್ತಾಳೆ ಬೀಗ ಬಂತು.
ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು.
ಎಷ್ಟು ಹೊಳೆಯುತ್ತಿತ್ತು ಅದು.

ಅಕ್ಟೋಬರ್ ಒಂಬತ್ತಕ್ಕೆ ಹೋಗಿ ನಿಂತಿತು ನನ್ನ ಬೆರಳು.
ಬೀಗದ ಫೋಟೋ. ಕೆಳಗೆ ನಾನು:
'ನಾಲಿಗೆ ಪೂರ್ತಿ ಹೊರಗೆ ಬರುತ್ತಿಲ್ಲ, ತಳ್ಳಿದರೆ ತೆರೆಯುತ್ತೆ.'
ಅದರ ಕೆಳಗೆ ಅವನು:
ಒಂದು ಹಳದಿ ಹೆಬ್ಬೆಟ್ಟು, ಮೇಲ್ಮುಖವಾಗಿ.

ಓದು ಬಾರದವರು ಮಾತ್ರವೇ ಹೆಬ್ಬೆಟ್ಟು ಒತ್ತುವುದು?
ಸಣ್ಣ ದಾವೆಗಳ ಕೋರ್ಟಿನಲ್ಲಿ ನೆಗಡಿಯಾದ ನ್ಯಾಯಾಧೀಶೆ
ಫೋನನ್ನು ಕನ್ನಡಕದ ಹತ್ತಿರ ಹಿಡಿದು
ಬಹಳ ಹೊತ್ತು ಆ ಹೆಬ್ಬೆಟ್ಟನ್ನು ಓದಿದಳು.
ಗುವಾರಿನೋ ತನ್ನ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡ.
ಕೇಳಿದ್ದು ಸಾವಿರದ ಒಂಬೈನೂರು. ಸಿಕ್ಕಿದ್ದು ಮುನ್ನೂರ ನಲವತ್ತು.
ಅದರಲ್ಲಿ ಟ್ರಾಂಬೋನಿಗೆ ತೊಂಬತ್ತು,
ಬೆಲೆ ಗೊತ್ತಿಲ್ಲದ್ದಕ್ಕೆ ಹಾಕಿದ ಬೆಲೆ.

ಮಾರ್ಚಿನಲ್ಲಿ ಅದನ್ನು ಕಂಡೆ, ಗಿರವಿ ಅಂಗಡಿಯ ಗಾಜಿನ ಹಿಂದೆ,
ಎರಡು ಗಿಟಾರುಗಳ ನಡುವೆ ತಲೆಕೆಳಗಾಗಿ.
ಚರ್ಚಿನ ಮೆಟ್ಟಿಲಲ್ಲಿ ಬಿದ್ದಾಗಿನ ನೆಗ್ಗು ಹಾಗೇ ಇತ್ತು.
ಕಳ್ಳನಿಗೆ ಸಿಗದೆ ಚಮಚಗಳ ನಡುವೆ ಉಳಿದಿದ್ದ
ಊದುವ ಬಾಯಿಯನ್ನು ಮನೆಯಿಂದ ತಂದು ಕೂರಿಸಿ ತೋರಿಸಿದೆ.
ಸರಿಯಾಗಿ ಕೂತಿತು.
'ಅದು ಎಲ್ಲದಕ್ಕೂ ಕೂರುತ್ತೆ' ಅಂದ ಅಂಗಡಿಯವನು,
ಮೋಸದ ದನಿಯೇನಲ್ಲ, ನನಗಾಗಿ ಕೊಂಚ ಬೇಸರವೂ ಇತ್ತು.
ಪೊಲೀಸಿಗೆ ಫೋನು ಮಾಡಿದೆ. ಒಂಬತ್ತು ಅಂಕಿ ಓದಿದೆ.
ಜಪ್ತಿ ಮಾಡಬಹುದು, ತಿಂಗಳುಗಳಾಗಬಹುದು,
ನಿಮ್ಮದೇ ಅನ್ನಲು ನಂಬರ್ ಬೇಕಾಗಬಹುದು.
ಬಹುದು, ಬಹುದು.
ಇನ್ನೂರ ಇಪ್ಪತ್ತೈದು ಎಣಿಸಿಕೊಟ್ಟು
ನನ್ನದನ್ನು ನಾನೇ ಕೊಂಡೆ.

'ರಸೀದಿ ಬೇಕು' ಅಂದೆ, 'ಸೀರಿಯಲ್ ನಂಬರ್ ಸಮೇತ.'
ಅವನು ದೀಪದ ಕೆಳಗೆ ಹಿತ್ತಾಳೆಯನ್ನು ಓರೆಯಾಗಿ ಹಿಡಿದ.
ಆರು ಅಂಕಿ. ನಾಲ್ಕನ್ನು ಬರೆದು ಪೆನ್ನು ನಿಲ್ಲಿಸಿದ.
ಉಳಿದೆರಡು ಸವೆದುಹೋಗಿದ್ದವು,
ಲಿಯೋ ಮೂವತ್ತು ವರ್ಷ ದಿನಾ ಊದುವಾಗ
ಎಡಗೈ ಹೆಬ್ಬೆಟ್ಟು ಊರುತ್ತಿದ್ದ ಜಾಗದಲ್ಲಿ.