ಇಲ್ಲದ ಕಂಪನಿಯ ಏಳನೇ ಎಂಜಿನ್ನು

ಡಾರ್ಲಿಂಗ್ಟನ್ನಿನ ಚರ್ಚ್ ಹಾಲು. ಮೇಜಿನ ಕೆಳಗೆ
ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ.
"ಐದು ಪೌಂಡು. ಪೂರ್ತಿ ಒಯ್ದುಬಿಡು," ಅಂದರು ಎನಿಡ್ ಬೇನ್‌ಬ್ರಿಜ್.
ಗಂಡ ವಿಲ್ಫ್ ಹೋಗಿ ಎರಡು ವರ್ಷ,
ಅಡುಗೆಮನೆಯ ಕಪಾಟು ಇನ್ನೂ ಅವನದೇ ವಶ.

ಪೆಟ್ಟಿಗೆಯಲ್ಲಿ ಇಡಿಯಾದ ರೈಲು ಒಂದೂ ಇಲ್ಲ.
ಮೂಗು ಮುರಿದ ಬಾಯ್ಲರು, ಐದೇ ಗಾಲಿಯ ಚಾಸಿ,
ಯಾವುದರದೋ ಕ್ಯಾಬು, ಇನ್ಯಾವುದರದೋ ಟೆಂಡರು,
ಚಿಮಣಿಯಾಗಲು ಹೊರಟು ನಿಂತ ಪೆನ್ನಿನ ಟೋಪಿ,
ತಂಬಾಕಿನ ಡಬ್ಬಿ ತುಂಬ ಹಲ್ಲುಚಕ್ರ.

ಹಲ್ಲು ನನ್ನ ಕಸುಬು.
ಹಗಲೆಲ್ಲ ಲ್ಯಾಬಿನಲ್ಲಿ ಕೂತು
ನಾನೆಂದೂ ಕಾಣದ ಬಾಯಿಗಳಿಗೆ
ಬೆಳ್ಳಗಿನ ಸುಳ್ಳು ಕಟ್ಟುತ್ತೇನೆ.
ಪಕ್ಕದ ಹಲ್ಲಿಗೆ ಗೊತ್ತಾಗಬಾರದು, ಅಷ್ಟೇ.
ರಾತ್ರಿ ಅದೇ ಗರಗಸ, ಅದೇ ಅರ, ಬೇರೆ ಸುಳ್ಳು.

ಕೌದಿ ಹೊಲಿಯುವಾಗ ಅವ್ವ ಯಾವ ಸೀರೆಯನ್ನೂ ಕೇಳುತ್ತಿರಲಿಲ್ಲ
ನೀನು ಯಾರ ಮದುವೆಯದು ಅಂತ.
ಸವೆದದ್ದು ಬಿಡು, ಗಟ್ಟಿ ಇದ್ದದ್ದು ಹರಿ.
ನನಗೆ ಮಾತ್ರ ಕೈ ನಡುಗಿತು,
ಚೆನ್ನಾಗಿ ಓಡುತ್ತಿದ್ದ ನನ್ನದೇ ಟ್ಯಾಂಕ್ ಎಂಜಿನ್ನನ್ನು
ವೈಸಿಗೆ ಕಚ್ಚಿಸಿ ನಡುವಿಗೆ ಗರಗಸ ಇಟ್ಟಾಗ.
ಹೊಟ್ಟೆಯಲ್ಲಿ ಏನಿತ್ತು?
ಸೀಸದ ತುಂಡೊಂದು, ತೂಕಕ್ಕೆ.

ವಿಲ್ಫನ ಬಾಯ್ಲರಿನ ಮೇಲೆ ಪೆನ್ಸಿಲ್ ಗೆರೆ,
ಪಕ್ಕದಲ್ಲಿ ಇರುವೆಯಂಥ ಅಕ್ಷರ:
"ಇಲ್ಲಿ ಕೊಯ್ಯಬೇಡ, ಪೆದ್ದೇ."
ತನಗೆ ತಾನೇ ಬರೆದುಕೊಂಡದ್ದು.
ನಾನು ಮೂರು ಮಿಲಿಮೀಟರು ಆಚೆ ಕೊಯ್ದೆ.
ಅಲ್ಲೂ ಕೊಯ್ಯಬಾರದಿತ್ತು.

ಒಂದು ವಾರ ಬರೀ ಪುಟ್ಟಿ, ಉಜ್ಜುಕಾಗದ, ಬೈಗುಳ.
ಗುಮ್ಮಟಕ್ಕೆ ಏನೂ ಹೊಂದಲಿಲ್ಲ:
ಅಂಗಿಯ ಗುಂಡಿ ಚಪ್ಪಟೆ, ಔಷಧದ ಮುಚ್ಚಳ ದಪ್ಪ.
ತಂಬಾಕಿನ ಡಬ್ಬಿಯ ತಳದಲ್ಲಿ ಸಿಕ್ಕಿತು
ಹಿತ್ತಾಳೆಯ ಅಂಗುಸ್ತಾನ,
ಹೊಲಿಯುವ ಬೆರಳಿನ ಟೋಪಿ, ಮೈತುಂಬ ಗುಳಿ.
ಅಂಟು ತುಂಬಿ ಕೂರಿಸಿದೆ. ಮೇಲೆ ಹಸಿರು ಬಳಿದೆ, ಮೂರು ಸಲ.

ಮಾರ್ಚಿನ ಪ್ರದರ್ಶನ. ಮೊಳೆ ಎಣಿಸುವ ಕಣ್ಣಿನ ಡಂಕನ್
ಬಗ್ಗಿ ನೋಡಿ ಕೇಳಿದ: ಯಾವ ಕ್ಲಾಸು? ಯಾವ ಇಸವಿ? ಯಾವ ಕಂಪನಿ?
"ಟೀಸ್ ಮತ್ತು ತುಂಗಭದ್ರಾ ರೈಲ್ವೆ. ಏಳನೇ ನಂಬರು."
"ಅಂಥದ್ದೊಂದು ಇರಲೇ ಇಲ್ಲ."
"ಇರಲಿಲ್ಲ," ಒಪ್ಪಿಕೊಂಡೆ.
"ಆದರೆ ಹತ್ತೂಕಾಲಿಗೆ ಹೊರಡುತ್ತದೆ."
"ಮತ್ತೆ ಒಂದರಿಂದ ಆರು?"
"ಗುಜರಿಗೆ ಹೋದವು, ಪಾಪ."

ಹತ್ತೂಕಾಲಿಗೆ ಹೊರಟಿತು, ಹಿಮ್ಮುಖವಾಗಿ.
ಮೋಟರಿನ ತಂತಿ ಅದಲುಬದಲು.
ಮಕ್ಕಳು ಚಪ್ಪಾಳೆ ತಟ್ಟಿದವು, ಡಂಕನ್ ಬರೆದುಕೊಂಡ.

ಎನಿಡ್ ಚಹಾದ ಲೋಟ ಕೆಳಗಿಟ್ಟು ಕನ್ನಡಕ ಏರಿಸಿದರು.
ಗುಮ್ಮಟದ ಮೇಲೆ ಬೆರಳಾಡಿಸಿದರು, ಕುರುಡರು ಓದುವ ಹಾಗೆ.
"ಇದು ನಂದು."
ಹನ್ನೊಂದು ವರ್ಷ ಹುಡುಕಿದರಂತೆ.
ಸೋಫಾದ ಹೊಟ್ಟೆ ಬಿಚ್ಚಿ ನೋಡಿದರಂತೆ.
"ಅವನೂ ಹುಡುಕಿದ ಕಣೇ, ಮಂಡಿಯೂರಿ, ಟಾರ್ಚು ಹಿಡಿದು.
ಕಳ್ಳ."

"ಕಿತ್ತುಕೊಡಲೇ?"
"ಅಂಟು ಯಾವುದು?"
"ಹಲ್ಲಿಗೆ ಹಾಕುವಂಥದ್ದು."
ನಕ್ಕರು. ಅವರ ಎಡಗಡೆಯ ಎರಡು ನಮ್ಮ ಲ್ಯಾಬಿನವೇ ಇರಬೇಕು.
"ಹಾಗಾದರೆ ಬಿಡು, ಬರೋದಿಲ್ಲ. ಬಣ್ಣ ಮಾತ್ರ ತೆಗಿ.
ಸಾಲಾಗಿರೋ ಗುಳಿ ಕಾರ್ಖಾನೆಯವು,
ಸಾಲು ತಪ್ಪಿದವು ನನ್ನವು."

ಈಗ ರಾತ್ರಿ ಹನ್ನೊಂದು. ಹೊರಗೆ ಗಾಳಿ ಕಸದ ಡಬ್ಬ ಉರುಳಿಸುತ್ತಿದೆ.
ತಂತಿ ಇನ್ನೂ ತಿರುಗಿಸಿ ಹಾಕಿಲ್ಲ.
ಥಿನ್ನರಿನಲ್ಲಿ ಅದ್ದಿದ ಹಲ್ಲುಕಡ್ಡಿಯಿಂದ
ಒಂದೊಂದೇ ಗುಳಿಯ ಹಸಿರು ಕೆದಕುತ್ತಿದ್ದೇನೆ.
ಸಾಲು ತಪ್ಪಿದವು ಇಲ್ಲಿಯವರೆಗೆ ಹದಿನೇಳು.
ಒಂದು ಆರಪಾರ ತೂತಾಗಿದೆ.